ಸೋಮವಾರದ ತಪ್ಪು

ಮಂಗಳವಾರ, ಸಂಜೆ

ಪ್ರೀತಿಯ ಅಕ್ಕಾ,

ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯಲ್ಲೇ ಪುಟ್ಟಿಗೂ ಕೆಲಸ ಸಿಕ್ಕಿತೆಂದು ನೀನು ಹಿಗ್ಗಿ ಬರೆದದ್ದು ತಲುಪಿತು. ಚಿಕ್ಕಮ್ಮನ ನೆರಳಿನಲ್ಲಿರುತ್ತಾಳೆ, ಇನ್ನೇನು ಚಿಂತೆ ಎಂದಿದ್ದೀಯ. ಫೋನಿನಲ್ಲಿ ಹೇಳಲು ಹೊರಟರೆ ನನ್ನ ಬಾಯಿ ಬೇರೆಯದನ್ನೇ ಹೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸೋಮವಾರ ಬೆಳಗ್ಗೆ ಪ್ರತಿ ವಿಭಾಗದವರೂ ದುಂಡಗೆ ನಿಂತು ತಾವು ಮಾಡಿದ ಒಂದೊಂದು ತಪ್ಪು ಹೇಳಬೇಕು. ಶಿಕ್ಷೆಯಿಲ್ಲ, ಚಪ್ಪಾಳೆ. ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿ ಈ ಪದ್ಧತಿ ತಂದವಳು ನಾನೇ. ತಪ್ಪು ಒಪ್ಪಿಕೊಳ್ಳುವ ಧೈರ್ಯದಿಂದಲೇ ನಡತೆ ಬೆಳೆಯುತ್ತದೆಂದು ನಂಬಿದ್ದೆ. ಈಗಲೂ ನಂಬುತ್ತೇನೆ ಅನ್ನಿಸುತ್ತದೆ.

ಬಾಯ್ಲರ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು, ಎಲ್ಲರಿಗೂ ಹಬೆಯಜ್ಜ. ಹಬೆ ಹೆಚ್ಚಾದರೆ ತಾನೇ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವನ್ನು ತಂತಿಯಿಂದ ಬಿಗಿದಿದ್ದೀನಿ, ಅದು ತೆರೆದಾಗಲೆಲ್ಲ ಕೆಲಸ ನಿಲ್ಲುತ್ತೆ ಅಂತ ಸಾಹೇಬ್ರು ಬೈತಾರೆ, ಈ ವಯಸ್ಸಿಗೆ ಬೈಗುಳ ಅರಗಲ್ಲ ಎಂದು ಕಳೆದ ತಿಂಗಳು ತಮ್ಮ ಸರದಿಯಲ್ಲಿ ಹೇಳಿದರು. ಎಲ್ಲರೂ ನಕ್ಕರು, ಚಪ್ಪಾಳೆಯೂ ಬಿತ್ತು. ಮರುವಾರ ಅವರನ್ನು ಗೇಟಿನ ಕಾವಲಿಗೆ ಹಾಕಲಾಯಿತು. ವಯಸ್ಸಾದವರಿಗೆ ವಿಶ್ರಾಂತಿ ಎಂದರು ಸಾಹೇಬರು. ಆ ಮಾತು ನನಗೂ ಅನುಕೂಲವಾಗಿತ್ತು. ಆದೇಶಕ್ಕೆ ಸಹಿ ನನ್ನದು.

ನಂತರದ ಸೋಮವಾರ ಬಾಯ್ಲರ್ ವಿಭಾಗದವನೊಬ್ಬ ಫ್ಯಾನ್ ಆರಿಸೋಕೆ ಮರೆತೆ ಎಂದ. ಪಕ್ಕದವನೂ ಅದನ್ನೇ ಹೇಳಿದ. ಅವನ ಪಕ್ಕದವನೂ. ಯಾರೂ ನಗಲಿಲ್ಲ. ಆ ಕೋಣೆಯಲ್ಲಿ ಫ್ಯಾನೇ ಇಲ್ಲ, ಅಕ್ಕಾ. ನಾನು ಚಪ್ಪಾಳೆ ತಟ್ಟಿದೆ.

ತಂತಿ ಬಿಚ್ಚಿದ್ದಾರೆಯೇ ಎಂದು ಕೇಳಿಲ್ಲ. ಗೇಟಿನಲ್ಲಿ ಹಬೆಯಜ್ಜ ನಮಸ್ಕಾರ ಹೇಳಿ, ನಿಮ್ಮ ರೂಮು ಬಾಯ್ಲರ್ ಗೋಡೆಗೇ ಅಂಟಿಕೊಂಡಿದೆಯಲ್ವಾಮ್ಮಾ, ಕುರ್ಚಿ ಸ್ವಲ್ಪ ಈಚೆ ಹಾಕ್ಕೊಳ್ಳಿ ಅನ್ನುತ್ತಾರೆ. ತಮಾಷೆಯೋ ಏನೋ. ಈಚೆ ಹಾಕಿಕೊಂಡಿದ್ದೇನೆ. ಗೋಡೆಯ ಬದಿ ಖಾಲಿಯಾದ ಜಾಗದಲ್ಲಿ ನಿನ್ನೆ ಪುಟ್ಟಿಗೆ ಮೇಜು ಹಾಕಿದರು. ಗೋಡೆ ಮುಟ್ಟಿ ನೋಡಿದೆ, ಬಿಸಿಯಿತ್ತು. ಮೊದಲಿನಿಂದಲೂ ಅಷ್ಟೇ ಬಿಸಿಯಿತ್ತೇ, ನೆನಪಾಗುತ್ತಿಲ್ಲ.

ಮುಂದಿನ ಸೋಮವಾರ ಅವಳನ್ನು ಕೆಲಸಕ್ಕೆ ಸೇರಲು ಕಳಿಸಬೇಡ. ಜ್ವರ ಅನ್ನು, ಏನಾದರೂ ಅನ್ನು. ಕಾರಣ ಕೇಳಿ ನನಗೆ ಫೋನ್ ಮಾಡಬೇಡ.

ನಿನ್ನ ತಂಗಿ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಪುಟ್ಟಿಯೇ ಫೋನ್ ಮಾಡಿದಳು. ಚಿಕ್ಕಮ್ಮಾ, ಮೊದಲ ದಿನವೇ ಒಂದು ತಪ್ಪು ಹೇಳ್ಬೇಕಂತೆ, ನಾನಿನ್ನೂ ಮಾಡೇ ಇಲ್ವಲ್ಲ, ಏನ್ ಹೇಳ್ಲಿ ಅಂದಳು. ಬರಬೇಡ ಅನ್ನಲೆಂದೇ ಬಾಯಿ ತೆರೆದೆ. ಫ್ಯಾನ್ ಆರಿಸೋಕೆ ಮರೆತೆ ಅಂತ ಹೇಳಿಬಿಡು ಎಂದೆ. ಅಷ್ಟೇನಾ ಎಂದು ನಕ್ಕಳು.