ಎಡಕ್ಕೆ ಸುತ್ತಿದ ಬಸವನಹುಳು

ದೊಡ್ಡಮ್ಮಾ,

ನಿನ್ನ ಎಡಚಿ ಕ್ಷೇಮವಾಗಿದ್ದಾಳೆ. ಸಂಗ್ರಹಾಲಯದವರು ತರುವ ಪುಸ್ತಕಕ್ಕೆ ಕೆರೆಯ ಜೀವಿಗಳ ಚಿತ್ರ ಬರೆಯುವ ಕೆಲಸ ಕೈಗೆ ಹತ್ತಿದೆ. ಜೊಂಡು, ಪಾಚಿ, ಕಪ್ಪೆಮೊಟ್ಟೆ ಎಲ್ಲ ಮುಗಿಸಿ ಮೊನ್ನೆ ಒಂದು ಬಸವನಹುಳು ಬರೆದೆ. ನಮ್ಮ ಹಿರಿಯ ಚಿತ್ರಕಾರರು ಹಾಳೆ ನೋಡಿದವರೇ ಮುಖ ಗಂಟಿಕ್ಕಿಕೊಂಡರು.

"ಏನಮ್ಮಾ ಈ ಎಡವಟ್ಟು? ಈ ಹುಳದ ಚಿಪ್ಪು ಬಲಕ್ಕೆ ಸುತ್ತಿರುತ್ತೆ. ನೀನು ಎಡಗೈಲಿ ಬರೀತೀಯ ಅಂತ ಅದನ್ನೂ ಎಡಕ್ಕೆ ಸುತ್ತಿಬಿಡೋದಾ?"

ನನ್ನ ಕೈಮೇಲೆ ನನಗೇ ಅನುಮಾನ ಬಂತು. ಮತ್ತೆ ಬರೆದೆ, ಮತ್ತೆ ಎಡಕ್ಕೇ ಸುತ್ತಿತು. ಕೊನೆಗೆ ಹುಳು ಇದ್ದ ಗಾಜಿನ ಬಟ್ಟಲನ್ನೇ ಒಯ್ದು ಅವರ ಮೇಜಿನ ಮೇಲಿಟ್ಟೆ. ಭೂತಗನ್ನಡಿ ಹಿಡಿದು ನೋಡಿದರು, ಬಟ್ಟಲು ತಿರುಗಿಸಿ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಇದೂ ಎಡಚನೇ ಕಣಮ್ಮಾ," ಎಂದರು.

ಸಾವಿರಾರು ಹುಳುಗಳಲ್ಲಿ ಎಲ್ಲೋ ಒಂದು ಹೀಗೆ ಹುಟ್ಟುತ್ತದಂತೆ. ಈಗ ಲೆಕ್ಕಪತ್ರದ ವಿಭಾಗದವರೂ ಊಟ ಮುಗಿಸಿ ಬಂದು ಅದರ ಮುಖ ನೋಡಿ ಹೋಗುತ್ತಾರೆ. ನಾನು ಬರೆದ ಚಿತ್ರವೂ ಹಾಗೇ ಪುಸ್ತಕಕ್ಕೆ ಸೇರುತ್ತದೆ.

ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ. ನೀನು ಕೊಟ್ಟ ಎಣ್ಣೆ ಹಚ್ಚುತ್ತಿದ್ದೇನೆ, ಊಟ ಬಿಟ್ಟಿಲ್ಲ, ಅಮ್ಮನಿಗೂ ಹೇಳು.

ಬಲಕ್ಕೆ ಸುತ್ತಿದ ಹುಳುವಿನ ಜೊತೆ ಇದಕ್ಕೆ ಕೂಡಿಬರುವುದಿಲ್ಲವಂತೆ, ಜೋಡಿಗೂ ಎಡಚನೇ ಬೇಕಂತೆ. ಎಲ್ಲರೂ ಕೆರೆ ಜಾಲಾಡುತ್ತಿದ್ದಾರೆ. ಕಾರ್ಡು ತುಂಬಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ. ನೀನು ನನಗೆ ನೋಡಿಟ್ಟಿರುವ ಹುಡುಗ ಯಾವ ಕೈಯಲ್ಲಿ ಬರೆಯುತ್ತಾನೆ ಎಂದು ಸ್ವಲ್ಪ ವಿಚಾರಿಸು.

ನಿನ್ನ ಎಡಚಿ