ಲಿಫ್ಟ್ ಪರ್ಮಿಟ್ಟಿನ ವಿಚಾರಣೆಯಲ್ಲಿ ನಾನು ಆಡಿದ ಮಾತು

ಪರ್ಮಿಟ್ ಪರೀಕ್ಷೆಗಳ ಹೊಣೆ ಹೊತ್ತಿರುವ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ಲಿಫ್ಟ್ ದುರಸ್ತಿ ಮಾಡುವವರ ಪರ್ಮಿಟ್ ಪರೀಕ್ಷೆಯಲ್ಲಿ ಇಷ್ಟು ಕಾಲ ಇದ್ದ ಕನ್ನಡ ಪ್ರಶ್ನೆಪತ್ರಿಕೆಯನ್ನು ಈ ವರ್ಷ ನೀವು ನಿಲ್ಲಿಸಿದ್ದೀರಿ. ನಿಲ್ಲಿಸಲು ಕಾರಣವೆಂದು ನನ್ನ ಅಂಕಣದ ವಾಕ್ಯವೊಂದನ್ನು ಆದೇಶದಲ್ಲಿ ಸೇರಿಸಿದ್ದೀರಿ. ಆ ಆದೇಶದ ವಿರುದ್ಧ ಅರ್ಜಿ ಹಾಕಿದವರ ಪರವಾಗಿ ತಿರುವನಂತಪುರದ ನಿಮ್ಮ ಕಚೇರಿಗೆ ಬಂದವಳೂ ನಾನೇ. ಅಲ್ಲಿ ನಾನು ಬಾಯಿ ತೆರೆದಾಗ ಹೊರಬಿದ್ದದ್ದು ನಿಮ್ಮ ಆದೇಶಕ್ಕೆ ಇನ್ನೊಂದು ಸಮರ್ಥನೆ. ಒಂದೇ ಕೆಲಸಕ್ಕೆ ಒಬ್ಬಳನ್ನೇ ಎರಡು ಸಲ ಬಳಸಿಕೊಂಡ ನಿಮ್ಮ ಮಿತವ್ಯಯವನ್ನು ನಾನು ಮೆಚ್ಚಲೇಬೇಕು. ಸರಕಾರ ಮಿತವ್ಯಯ ಕಲಿಯಬೇಕೆಂದು ಯೌವನವಿಡೀ ಬರೆದವಳಲ್ಲವೇ ನಾನು?

ಈ ಪತ್ರವನ್ನು ನನ್ನ ಇಂಗ್ಲಿಷ್ ಅಂಕಣದಲ್ಲೇ ಬರೆಯಬಹುದಿತ್ತು. ಅಲ್ಲಿನ ಓದುಗರು ಸುಸಂಸ್ಕೃತರು. ನನ್ನ ನಾಚಿಕೆಯನ್ನು ಸೊಗಸಾದ ಗದ್ಯವೆಂದು ಹೊಗಳಿ, ಮುಂದಿನ ವಾರ ಮರೆತುಬಿಡುತ್ತಾರೆ. ನಾನು ಯಾರ ಬಾಗಿಲು ಮುಚ್ಚಲು ನೆರವಾದೆನೋ ಅವರು ಓದುವುದು ಈ ಕನ್ನಡ ಪತ್ರಿಕೆಯನ್ನು. ಇದನ್ನು ತಿಳಿದುಕೊಳ್ಳಲು ನಿಮಗೆ ಭಾಷಾಂತರಕಾರರು ಬೇಕಾಗಬಹುದು. ಬೇಕಾಗಲಿ. ತನ್ನದೇ ವಿಷಯ ಬರೆದಿರುವ ಕಾಗದವನ್ನು ಇನ್ನೊಬ್ಬರ ಬಾಯಿಂದ ಓದಿಸಿಕೊಳ್ಳುವುದು ಹೇಗಿರುತ್ತದೆ ಎಂಬ ಅನುಭವ ಅಧಿಕಾರದಲ್ಲಿರುವವರಿಗೆ ಸಿಗುವುದು ಅಪರೂಪ.

ನೀವು ನನ್ನನ್ನು ಬಲ್ಲಿರಿ, ಈ ಪತ್ರಿಕೆಯ ಓದುಗರು ಅರಿಯರು. ನಾನು ತಿರುವನಂತಪುರದ ಹತ್ತಿರದ ತುಂಬದಲ್ಲಿ, ರಾಕೆಟ್ ಕೇಂದ್ರದ ವಿಜ್ಞಾನಿಗಳ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಮೈಸೂರಿನಿಂದ ಅಲ್ಲಿಗೆ ಕೆಲಸಕ್ಕೆ ಬಂದ ಅಪ್ಪನಿಗೆ ಸರಕಾರಿ ಮನೆ, ಸರಕಾರಿ ಬಸ್ಸು, ಸರಕಾರಿ ಸಂಬಳ. ನನಗೆ ಆ ಸಂಬಳದ ಮೇಲೆ ಇಂಗ್ಲಿಷ್ ಮಾಧ್ಯಮದ ಶಾಲೆ. ಇಷ್ಟನ್ನೂ ಉಂಡು ಬೆಳೆದವಳು ಕಾಲೇಜಿಗೆ ಬರುತ್ತಲೇ, ಸರಕಾರವು ಜನರ ಬದುಕಿನಿಂದ ಆದಷ್ಟು ದೂರ ನಿಲ್ಲಬೇಕೆಂಬ ತೀರ್ಮಾನಕ್ಕೆ ಬಂದೆ. ಇಂಥವರನ್ನು ಲಿಬರ್ಟೇರಿಯನ್ ಎನ್ನುತ್ತಾರೆ. ಕೊಚ್ಚಿಗೆ ಬಂದು ಪತ್ರಿಕೆ ಸೇರಿದ ಮೇಲೆ ‘ಕೈ ತೆಗೆಯಿರಿ’ ಎಂಬರ್ಥದ ಹೆಸರಿನಲ್ಲಿ ಅಂಕಣ ಶುರುಮಾಡಿದೆ. ಬಸ್ ಮಾರ್ಗಗಳ ಪರ್ಮಿಟ್ಟಿನ ವಿರುದ್ಧ ಬರೆದೆ, ತಟ್ಟುಕಡೆ ಎನ್ನುವ ರಸ್ತೆಬದಿಯ ತಿಂಡಿ ಅಂಗಡಿಗಳನ್ನು ಎತ್ತಂಗಡಿ ಮಾಡಿಸುವವರ ವಿರುದ್ಧ ಬರೆದೆ, ಯಾರು ಏನು ತಿನ್ನಬೇಕು, ಯಾರನ್ನು ಮದುವೆಯಾಗಬೇಕು ಎಂದು ನಿರ್ಧರಿಸಲು ಹೊರಟವರ ವಿರುದ್ಧವೂ ಬರೆದೆ. ಎಡಪಂಥದ ಗೆಳೆಯರಿಗೆ ನಾನು ಬಂಡವಾಳಶಾಹಿಗಳ ಏಜೆಂಟ್, ಬಲಪಂಥದವರಿಗೆ ಸಂಸ್ಕಾರವಿಲ್ಲದವಳು. ಎರಡೂ ಕಡೆಯ ಬೈಗುಳ ಒಟ್ಟಿಗೆ ಬಂದ ವಾರ ಸುಖವಾಗಿ ನಿದ್ದೆ ಬರುತ್ತಿತ್ತು. ಆ ಬರಹಗಳಲ್ಲಿ ಹೆಚ್ಚಿನವನ್ನು ಇಂದು ಬರೆ ಎಂದರೂ ಬರೆಯುತ್ತೇನೆ. ಈ ಪತ್ರ ಮತಾಂತರದ ಘೋಷಣೆಯಲ್ಲ.

ಭಾಷೆಯ ಬಗ್ಗೆಯೂ ಒಮ್ಮೆ ಬರೆದಿದ್ದೆ. ತುಂಬದ ಮನೆಯಲ್ಲಿ ಅಮ್ಮ ಊಟದ ಮೇಜಿನ ಮೇಲೆ ನನಗೂ ತಮ್ಮ ತನ್ಮಯನಿಗೂ ಕನ್ನಡ ಓದಿಸಿ ಬರೆಯಿಸಿದ್ದಳು. ಯಾವ ಇಲಾಖೆಯನ್ನೂ ಕೇಳಿರಲಿಲ್ಲ. ಅದನ್ನು ನೆನೆದು ಬರೆದ ವಾಕ್ಯ ಹೀಗಿತ್ತು: “ಭಾಷೆಯನ್ನು ಉಳಿಸಿಕೊಳ್ಳುವುದು ಮನೆಯವರ ಕೆಲಸ, ಅದನ್ನು ಸರಕಾರದ ಮುದ್ರಣಾಲಯಕ್ಕೆ ಒಪ್ಪಿಸಿದ ದಿನವೇ ಭಾಷೆ ಅನಾಥವಾಗುತ್ತದೆ.” ತುಂಬಾ ಜನ ಮೆಚ್ಚಿದರು. ನಾನೂ ಮೆಚ್ಚಿಕೊಂಡೆ. ಅಮ್ಮನಿಗೆ ಸಂಜೆಯ ಬಿಡುವು ಎಲ್ಲಿಂದ ಬಂತು, ಆ ಬಿಡುವಿಗೆ ಯಾರ ಸಂಬಳ ಆಧಾರವಾಗಿತ್ತು ಎಂದು ಆಗ ಕೇಳಿಕೊಳ್ಳಲಿಲ್ಲ. ಚೆಂದದ ವಾಕ್ಯ ಬರೆದಾದ ಮೇಲೆ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯವರಿಗೆ ಕಡಿಮೆ.

ಇನ್ನು ಜುಬೈದಾಳ ವಿಷಯ. ಕೊಚ್ಚಿಯ ಕಾಕ್ಕನಾಡಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನಾನು ಸಿಕ್ಕಿಬಿದ್ದಿದ್ದಾಗ ಮೇಲಿನಿಂದ ಒಂದು ಹೆಣ್ಣುದನಿ ಕೇಳಿಸಿತು. “ಎಂತ ಅಹಂಕಾರ ಮಾರಾಯ್ತಿ ನಿನ್ನದು! ಬೆಳಿಗ್ಗೆ ಸರಿ ಇದ್ದಿ ಅಲ್ವಾ?” ಬೈಗುಳ ಲಿಫ್ಟಿಗೆ.

“ಒಳಗೆ ನಾನಿದ್ದೇನೆ” ಎಂದು ನಾನೂ ಕನ್ನಡದಲ್ಲೇ ಕೂಗಿದೆ.

“ಅಯ್ಯೋ, ಕನ್ನಡದವ್ರಾ? ನಿಮಗೆ ಬೈದದ್ದಲ್ಲ ಅಕ್ಕ. ನೆಲದಲ್ಲಿ ಕೂತ್ಕೊಳ್ಳಿ, ಮೆಲ್ಲ ಇಳಿಸ್ತೇನೆ.”

ಕಾಸರಗೋಡಿನ ಉಪ್ಪಳದವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಐಟಿಐ, ಈಗ ಗುತ್ತಿಗೆದಾರ ಜೋಸೆಫ್ ಅವರ ಕೈಕೆಳಗೆ ಕೆಲಸ. ಲಿಫ್ಟ್ ಬಿಚ್ಚಿ ಸರಿಮಾಡುವುದು ಅವಳು. ಓಡಿಸಬಹುದು ಎಂದು ಸಹಿ ಹಾಕಲು ಪರ್ಮಿಟ್ ಇರುವ ಜೋಸೆಫ್ ಬರಬೇಕು. ಲಿಫ್ಟ್ ನಿಂತಿರುವುದರಿಂದ ಅವರು ಮೆಟ್ಟಿಲು ಹತ್ತಿಯೇ ಬರಬೇಕು. “ಎಷ್ಟು ದಿನ ಮಗಳೇ ಹೀಗೆ? ನನ್ನ ಮಂಡಿಯ ಮುಖ ನೋಡಿಯಾದರೂ ಪಾಸಾಗು” ಎಂದು ಆತ ಮಲಯಾಳಂನಲ್ಲಿ ಗೊಣಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಪರ್ಮಿಟ್ ಸಿಕ್ಕಿದರೆ ಜುಬೈದಾ ತನ್ನದೇ ಹೆಸರಿನಲ್ಲಿ ಕಟ್ಟಡಗಳನ್ನು ವಹಿಸಿಕೊಳ್ಳಬಹುದು. ಸಿಗದಿದ್ದರೆ ಕೂದಲು ನರೆಯುವವರೆಗೂ ಸಹಾಯಕಿ. ಪರೀಕ್ಷೆಗೆ ಅವಳು ಓದಿದ್ದೆಲ್ಲ ಕನ್ನಡದಲ್ಲಿ. ಅಷ್ಟರಲ್ಲಿ ನಿಮ್ಮ ಆದೇಶ ಬಂತು: ಇನ್ನು ಇಂಗ್ಲಿಷ್ ಅಥವಾ ಮಲಯಾಳಂ ಮಾತ್ರ.

“ನಿನಗೆ ಮಲಯಾಳಂ ನೀರಿನ ಹಾಗೆ ಬರುತ್ತದಲ್ಲ?” ಎಂದು ಕೇಳಿದೆ.

“ಬಾಯಿಗೆ ಬರ್ತದೆ ಅಕ್ಕ, ಕಣ್ಣಿಗೆ ಬರುವುದಿಲ್ಲ. ಬೋರ್ಡ್ ಓದುವಷ್ಟರಲ್ಲಿ ಬಸ್ ಹೋಗಿ ಆಗಿರ್ತದೆ.”

ನಾನು ನಕ್ಕೆ. ನನ್ನ ಸ್ಥಿತಿಯೂ ಅದೇ ಎಂದು ಹೇಳಲಿಲ್ಲ. ಈ ರಾಜ್ಯದಲ್ಲೇ ಬೆಳೆದ ನಾನು ಮಲಯಾಳಂ ಪತ್ರಿಕೆಯ ತಲೆಬರಹ ದಾಟಿ ಮುಂದೆ ಹೋಗುವುದಿಲ್ಲ. ಆದರೆ ಆ ಕಾರಣಕ್ಕೆ ನನ್ನ ಒಂದು ಕೆಲಸವೂ ನಿಂತಿಲ್ಲ. ಎಲ್ಲ ಕಚೇರಿಗಳಲ್ಲೂ ನನಗಾಗಿ ಒಂದು ಇಂಗ್ಲಿಷ್ ಕಾಗದ ಮೊದಲೇ ಅಚ್ಚಾಗಿ ಕಾದಿರುತ್ತಿತ್ತು. ಅದೂ ಸರಕಾರದ ಮುದ್ರಣಾಲಯದಲ್ಲೇ ಅಚ್ಚಾದದ್ದು. ಅದನ್ನು ಮಾತ್ರ ನಾನು ಯಾವತ್ತೂ ಸರಕಾರದ ನೆರವು ಎಂದು ಕರೆದಿರಲಿಲ್ಲ. ಗಾಳಿ ಬೆಳಕಿನಂತೆ ತಾನಾಗಿ ಇರುವಂಥದ್ದು ಎಂದುಕೊಂಡಿದ್ದೆ.

ಆದೇಶವನ್ನು ಪ್ರಶ್ನಿಸಿ ಜುಬೈದಾ ಮತ್ತು ಕಾಸರಗೋಡಿನ ಕಡೆಯ ಇನ್ನು ಕೆಲವರು ಅರ್ಜಿ ಹಾಕಿದರು. ವಿಚಾರಣೆಗೆ ಕರೆ ಬಂದಾಗ ಅವಳು ನನ್ನ ಮನೆ ಬಾಗಿಲಿಗೆ ಬಂದಳು. “ಅಕ್ಕ, ನಿಮಗೆ ಇಂಗ್ಲಿಷ್ ಉಂಟು, ಪೇಪರಿಗೆ ಬರೀತೀರಿ. ನಮ್ಮ ಪರವಾಗಿ ಮಾತಾಡ್ಬಹುದಾ?” ನಾನು ತಕ್ಷಣ ಒಪ್ಪಿದೆ. ಆದೇಶ ಮಲಯಾಳಂನಲ್ಲಿತ್ತು. ಜೋಸೆಫ್ ಅದರ ಸಾರವನ್ನಷ್ಟೇ ಓದಿ ಹೇಳಿದ್ದರು. ಕಾರಣಗಳಿದ್ದ ಪುಟವನ್ನು ಯಾರೂ ಓದಿರಲಿಲ್ಲ. ಓದಿಸೋಣ ಎಂದು ನನಗೂ ಹೊಳೆಯಲಿಲ್ಲ. ಸರಕಾರಿ ಆದೇಶದಲ್ಲಿ ಏನಿರುತ್ತದೆ ಎಂಬುದು ಓದದೆಯೇ ಗೊತ್ತಿರುವ ಅಂಕಣಕಾರ್ತಿ ನಾನು.

ವೈಟ್ಟಿಲದಿಂದ ಬಸ್ಸಿನಲ್ಲಿ ಹೊರಟೆವು. ಅವಳು ಇಸ್ತ್ರಿ ಮಾಡಿದ ಹೊಸ ಚೂಡಿದಾರ ಹಾಕಿದ್ದಳು. ಬಾಳೆಹಣ್ಣು ಕರಿದ ಪಳಂಪೊರಿಯ ಎಣ್ಣೆ ಅದಕ್ಕೆ ತಾಗದಂತೆ ಮುಂದಕ್ಕೆ ಬಾಗಿ ತಿನ್ನುತ್ತ ಯೋಜನೆ ಹೇಳಿಕೊಟ್ಟಳು: “ನೀವು ಇಂಗ್ಲಿಷಿನಲ್ಲಿ ಗಟ್ಟಿ ಮಾತಾಡಿ. ನಾನು ಪಕ್ಕದಲ್ಲಿ ಪಾಪದವಳ ಹಾಗೆ ಕೂತ್ಕೊಳ್ತೇನೆ. ನೀವು ಕೈ ಒತ್ತಿದ್ರೆ ಬೇಕಾದ್ರೆ ಅಳ್ತೇನೆ.”

“ಅಳುವುದೇನೂ ಬೇಡ. ನ್ಯಾಯ ನಮ್ಮ ಕಡೆ ಇದೆ.”

“ಇದ್ರೂ ಸ್ವಲ್ಪ ಅತ್ತರೆ ಒಳ್ಳೆಯದು ಅಲ್ವಾ?”

ಇನ್ನು ಮುಂದಿನದನ್ನು ನೀವು ಬಲ್ಲಿರಿ. ನಾವು ಒಳಗೆ ಬಂದಾಗ ನೀವು ಎದ್ದು ನಿಂತಿರಿ. ನನ್ನ ಅಂಕಣವನ್ನು ತಪ್ಪದೆ ಓದುತ್ತೇನೆ ಎಂದಿರಿ, ನನಗೆ ಚಹಾ ತರಿಸಿದಿರಿ. ಸರಕಾರವನ್ನು ಜೀವಮಾನವಿಡೀ ಟೀಕಿಸಿದವಳಿಗೆ ಸರಕಾರದ ಕೊಠಡಿಯಲ್ಲಿ ಅಷ್ಟು ಹಿತವೆನಿಸಬಾರದಿತ್ತು, ಎನಿಸಿತು. “ಇವರಿಗೆ ನಿಮ್ಮ ಗುರ್ತ ಉಂಟಲ್ಲ, ನಮ್ಮ ಕೆಲಸ ಆಯ್ತು ಬಿಡಿ” ಎಂದು ಜುಬೈದಾ ಪಿಸುಗುಟ್ಟಿದಳು. ಆಮೇಲೆ ನೀವು ಆದೇಶದ ಎರಡನೆಯ ಪುಟ ತಿರುಗಿಸಿ, ನನ್ನ ವಾಕ್ಯವನ್ನು ನಾನು ಬರೆದ ಇಂಗ್ಲಿಷಿನಲ್ಲೇ, ಅಭಿಮಾನದಿಂದ ಓದಿದಿರಿ. “ಇದು ನಿಮ್ಮದೇ ಅಲ್ಲವೇ ಮೇಡಂ? ಈಗ ನಿಲುವು ಬದಲಾಗಿದೆಯೇ?” ಎಂದು ಕೇಳಿದಿರಿ.

ನಮ್ಮಂಥವರಿಗೆ ಒಂದು ರೋಗವಿದೆ. ಇಂದು ಆಡಿದ್ದು ಹಿಂದೆ ಬರೆದದ್ದಕ್ಕೆ ತಾಳೆಯಾಗದಿದ್ದರೆ ಯಾರಾದರೂ ಹಳೆಯ ಅಂಕಣದ ತುಣುಕು ಹಿಡಿದು ನಗುತ್ತಾರೆ ಎಂಬ ಭಯ. ಎಂದೂ ಮಾತು ಬದಲಿಸಿದವಳಲ್ಲ ಎಂಬುದೇ ನನ್ನ ಇಡೀ ವೃತ್ತಿಜೀವನದ ಹೆಮ್ಮೆ. ಆ ಕ್ಷಣದಲ್ಲಿ ನನಗೆ ಪಕ್ಕದ ಕುರ್ಚಿಯಲ್ಲಿದ್ದವಳು ಕಾಣಲಿಲ್ಲ, ನನ್ನ ಅಂಕಣವೇ ಕಂಡಿತು. “ಇಲ್ಲ, ಬರೆದದ್ದಕ್ಕೆ ನಾನು ಬದ್ಧಳು” ಎಂದೆ. ಇನ್ನೂ ಏನೋ ಸೇರಿಸಲು ಹೊರಟಿದ್ದೆ, ಅಷ್ಟರಲ್ಲಿ ನೀವು ಧನ್ಯವಾದ ಹೇಳಿ ಕಡತ ಮುಚ್ಚಿದಿರಿ. ನೀವು ತಡೆದಿರಿ ಎಂದು ದೂರುವಂತಿಲ್ಲ. ಮುಚ್ಚಿದ ಕಡತವನ್ನು ತೆರೆಯಿರಿ ಎಂದು ಕೂಗಲು ಗಂಟಲಿತ್ತು, ನಾನು ಕೂಗಲಿಲ್ಲ.

ಒಳಗೆ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ಹೊರಗೆ ಪಡಸಾಲೆಯಲ್ಲಿ ಅವಳು ಕೇಳಿದಳು: “ಎಂತ ಹೇಳಿದ್ರು ಅಕ್ಕ?”

“ನೋಡೋಣ ಎಂದಿದ್ದಾರೆ” ಎಂದೆ.

ನಿಮ್ಮ ಕಚೇರಿಯಲ್ಲಿ ಆಡಿದ ಮಾತಿಗಿಂತ ಈ ಮಾತು ನನ್ನನ್ನು ಹೆಚ್ಚು ಕುಗ್ಗಿಸಿದೆ. ಮೊದಲಿನದನ್ನು ತತ್ತ್ವನಿಷ್ಠೆ ಎಂದಾದರೂ ಕರೆಯಬಹುದಿತ್ತು. ಎರಡನೆಯದಕ್ಕೆ ನನ್ನ ಶಬ್ದಭಂಡಾರದಲ್ಲೂ ಒಳ್ಳೆಯ ಹೆಸರಿಲ್ಲ. ಊರಿಗೆ ಮರಳುವ ದಾರಿಯುದ್ದಕ್ಕೂ ಅವಳು ತನ್ನ ಹೆಸರಿನ ಬೋರ್ಡಿಗೆ ಯಾವ ಬಣ್ಣ ಒಳ್ಳೆಯದೆಂದು ಕೇಳುತ್ತಿದ್ದಳು. ನಾನು ನೀಲಿ ಎಂದೆ.

ಕೆಲವು ವಾರಗಳ ಮೇಲೆ ನಡಾವಳಿ ಬಂತು. ಈ ಸಲ ಅವಳು ಜೋಸೆಫ್ ಅವರಿಂದ ಪೂರ್ತಿ ಓದಿಸಿಕೊಂಡಿದ್ದಳು. “ಅರ್ಜಿದಾರರ ಪ್ರತಿನಿಧಿಯು ಮಂಡಳಿಯ ನಿಲುವನ್ನು ಅನುಮೋದಿಸಿದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.” ಅವಳು ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ.

“ನೀವು ನಮ್ಮ ಕಡೆಯಿಂದ ಬಂದದ್ದಾ ಅಕ್ಕ, ಅವರ ಕಡೆಯಿಂದ ಬಂದದ್ದಾ?”

ನಾನು ನನ್ನ ಅಂಕಣದ ಹಿನ್ನೆಲೆಯನ್ನು ವಿವರಿಸತೊಡಗಿದೆ. ಅವಳು ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಿದಳು.

“ಅಲ್ಲಿ ನಿಮಗೆ ಮಾತ್ರ ಚಹಾ ಕೊಟ್ಟದ್ದಲ್ವಾ? ಆಗ್ಲೇ ನನಗೆ ಗೊತ್ತಾಗ್ಬೇಕಿತ್ತು” ಎಂದಳು. ನಕ್ಕಳು ಕೂಡ. ನಾನು ನಗಲು ಪ್ರಯತ್ನಿಸಿದೆ.

ಕಾರ್ಯದರ್ಶಿಗಳೇ, ಅಂದು ನಿಮ್ಮ ಮೇಜಿನ ಮುಂದೆ ಹೇಳಬೇಕಾಗಿದ್ದುದನ್ನು ಇಂದು ಹೇಳುತ್ತೇನೆ. ಇದಕ್ಕಾಗಿ ನನ್ನ ತತ್ತ್ವವನ್ನು ಬಿಡಬೇಕಾಗಿಯೇ ಇರಲಿಲ್ಲ ಎಂಬುದು ನನ್ನ ನಾಚಿಕೆಯನ್ನು ಇಮ್ಮಡಿಗೊಳಿಸುತ್ತದೆ. ಸರಕಾರ ಕೈ ತೆಗೆಯಲಿ ಎಂದು ನಾನು ಬರೆದದ್ದು ನಿಜ. ನೀವು ಯಾವ ಕೈ ತೆಗೆದಿರಿ? ಪರ್ಮಿಟ್ ಇಲ್ಲದೆ ಸಹಿ ಹಾಕಕೂಡದು ಎಂಬ ನಿಯಮ ನಿಮ್ಮದು. ಆ ಪರ್ಮಿಟ್ ಬೇರೆಲ್ಲೂ ಸಿಗಕೂಡದು ಎಂಬ ನಿಯಮವೂ ನಿಮ್ಮದು. ದಾರಿಗೆ ಅಡ್ಡಲಾಗಿ ಗೋಡೆ ಕಟ್ಟಿದವರು ನೀವು. ಆ ಗೋಡೆಯಲ್ಲಿದ್ದ ಒಂದು ಸಣ್ಣ ಬಾಗಿಲಿಗೆ ಇಟ್ಟಿಗೆ ತುಂಬಿ, ಇದು ಸ್ವಾತಂತ್ರ್ಯ ಎಂದು ಅದರ ಮೇಲೆ ನನ್ನ ವಾಕ್ಯ ಬರೆಸಿದಿರಿ. ಕನ್ನಡ ಪ್ರಶ್ನೆಪತ್ರಿಕೆ ಭಾಷೆಗೆ ಕೊಟ್ಟ ದಾನವಾಗಿತ್ತೇ? ಪರೀಕ್ಷೆಯನ್ನು ಕಡ್ಡಾಯ ಮಾಡಿದವರು, ಪರೀಕ್ಷೆಗೆ ಕೂರುವವರು ಓದಬಲ್ಲ ಲಿಪಿಯಲ್ಲಿ ಪ್ರಶ್ನೆ ಕೇಳಬೇಕಾದದ್ದು ಕನಿಷ್ಠ ಸೌಜನ್ಯವಲ್ಲವೇ? ಲಿಫ್ಟಿಗೂ ಪರ್ಮಿಟ್ ಬೇಡವೇ ಎಂದು ನೀವು ನನ್ನನ್ನು ಕೆಣಕಬಹುದು. ಒಮ್ಮೆ ಸಿಕ್ಕಿಬಿದ್ದ ಮೇಲೆ ನನ್ನ ತತ್ತ್ವಕ್ಕೂ ಅಷ್ಟು ಧೈರ್ಯ ಉಳಿದಿಲ್ಲ. ಪರೀಕ್ಷಿಸಿ. ಲಿಫ್ಟ್ ಗೊತ್ತಿದೆಯೇ ಎಂದು ಪರೀಕ್ಷಿಸಿ. ಅವಳು ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಫೇಲಾದರೆ ನಾನು ದೂರುವುದಿಲ್ಲ, ಅವಳೂ ದೂರುವುದಿಲ್ಲ, ಮತ್ತೆ ಓದುತ್ತಾಳೆ. ನೀವು ಈಗ ಅವಳನ್ನು ಫೇಲು ಮಾಡಿರುವುದು ಪರೀಕ್ಷೆಗೆ ಕೂರುವ ಮೊದಲೇ.

ವಿಚಾರಣೆಯನ್ನು ಮತ್ತೆ ತೆರೆಯಿರಿ. ಬರುವ ಪರೀಕ್ಷೆಗೆ ಮೊದಲು ಕನ್ನಡ ಪ್ರಶ್ನೆಪತ್ರಿಕೆಯನ್ನು ಮರಳಿ ಕೊಡಿ. ನಡಾವಳಿಯಿಂದ ನನ್ನ ಮಾತನ್ನು ಅಳಿಸಿ ಎಂದು ಕೇಳುವುದಿಲ್ಲ, ಆಡಿದ್ದೇನೆ, ಇರಲಿ. ಅದು ನನ್ನೊಬ್ಬಳ ಮಾತು, ಅರ್ಜಿದಾರರದ್ದಲ್ಲ ಎಂದು ಅದರ ಕೆಳಗೆ ಬರೆಸಿ. ನನ್ನ ವಾಕ್ಯ ನಿಮಗೆ ಅಷ್ಟೊಂದು ಪ್ರಿಯವಾಗಿದ್ದರೆ ಇಂಗ್ಲಿಷ್ ಪ್ರಶ್ನೆಪತ್ರಿಕೆಗೂ ಅನ್ವಯಿಸಿ, ನಿಮ್ಮ ಕಚೇರಿಯ ಇಂಗ್ಲಿಷ್ ಕಡತಗಳಿಗೂ ಅನ್ವಯಿಸಿ ನೋಡಿ. ಅದಾಗದಿದ್ದರೆ ಆದೇಶದಿಂದ ತೆಗೆಯಿರಿ.

ಈ ಪತ್ರ ಬರೆಯುವ ಮೊದಲು ಜುಬೈದಾಳನ್ನು ಕೇಳಿದೆ; ಅವಳ ಹೆಸರನ್ನು ಬಳಸಿರುವುದು ಅವಳ ಒಪ್ಪಿಗೆಯಿಂದ. ಮತ್ತೆ ವಿಚಾರಣೆ ನಡೆದರೆ ಬರುತ್ತೇನೆ, ಈ ಸಲ ಸರಿಯಾಗಿ ಮಾತಾಡುತ್ತೇನೆ ಎಂದೂ ಹೇಳಿದೆ.

“ಬರೆಯಿರಿ ಅಕ್ಕ, ಅದು ನಿಮ್ಮ ಕೆಲಸ. ಆದ್ರೆ ಅಲ್ಲಿಗೆ ನಾನೊಬ್ಬಳೇ ಹೋಗ್ತೇನೆ. ಕನ್ನಡದಲ್ಲೇ ಹೇಳ್ತೇನೆ, ಅರ್ಥ ಮಾಡ್ಕೊಳ್ಳುವುದು ಅವರ ತಲೆಬಿಸಿ. ನೀವು ತಪ್ಪು ತಿಳ್ಕೊಳ್ಬೇಡಿ ಆಯ್ತಾ?”

ತಪ್ಪು ತಿಳಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದ್ದರಿಂದ ನೋಟಿಸನ್ನು ಅವಳ ಹೆಸರಿಗೇ ಕಳಿಸಿ, ಅವಳು ಓದಬಲ್ಲ ಭಾಷೆಯಲ್ಲಿ ಕಳಿಸಿ. ನನಗೆ ಪ್ರತಿ ಬೇಡ.

ಇಂತಿ,
ಅರ್ಜಿದಾರರು ಒಮ್ಮೆ ನಂಬಿ ಕರೆತಂದಿದ್ದ
ಗೌರಿ
ಕಾಕ್ಕನಾಡ್, ಕೊಚ್ಚಿ