ಅಟ್ಟದ ಮನೆಯ ಗೋಡೆಬುಡದ ಏಳು ಗೆಡ್ಡೆ

ತಿಪಟೂರು,
ಜೂನ್ ೩, ೧೯೮೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಗಿರಿಜೆ ಮಾಡುವ ನಮಸ್ಕಾರ. ಮಂಡಿನೋವು ಈಗ ಹೇಗಿದೆ? ಹಾಸ್ಟೆಲ್ಲಿನ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕಾಗಿದೆ ಎಂದು ಹೋದ ಕಾಗದದಲ್ಲಿ ನೀನೇ ಬರೆದಿದ್ದೆ. ನೂರು ಹುಡುಗಿಯರ ಊಟ ನೋಡಿಕೊಳ್ಳುವವಳು ನಿನ್ನ ಕಾಲಿಗೆ ಎಣ್ಣೆ ತಿಕ್ಕಲು ಒಬ್ಬಳನ್ನು ಕರೆಯಲಾರೆಯಾ? ಕರೆಯುವುದಿಲ್ಲ, ಗೊತ್ತು. ಯಾರನ್ನೂ ಏನೂ ಕೇಳಬಾರದು ಎಂಬ ನಿನ್ನ ಹಟ ಎಲ್ಲಿಂದ ಬಂತು ಎಂಬುದೂ ಗೊತ್ತು. ದಾವಣಗೆರೆಯಲ್ಲಿ ಮಳೆ ಹಿಡಿದಿದೆಯೇ? ಇಲ್ಲಿ ಮೇ ತಿಂಗಳ ಮೊದಲಲ್ಲೇ ಎರಡು ಹದ ಮಳೆಯಾಯಿತು. ಇವರು ಚೆನ್ನಾಗಿದ್ದಾರೆ, ಬೆಳಗಾದರೆ ಕೊಬ್ಬರಿ ಅಂಗಡಿ, ಸಂಜೆಯಾದರೆ ಅಂಗಡಿಯದೇ ಮಾತು. ಮಗಳು ಪಿಯುಸಿ ಪರೀಕ್ಷೆ ಬರೆದು ಕೂತಿದ್ದಾಳೆ.

ಇನ್ನು ಬರೆಯಲು ಕೂತ ವಿಷಯ. ಹಾಲ್ಕುರಿಕೆಯ ಸುದ್ದಿ ಅಕ್ಕಾ. ಇಪ್ಪತ್ತಾರು ವರ್ಷದಲ್ಲಿ ನಾನು ನಿನಗೆ ಆ ಊರಿನ ಹೆಸರನ್ನು ಒಂದು ಸಲವೂ ಬರೆದಿಲ್ಲ. ಹೋದ ಸೋಮವಾರ ನಾನು ನಿನ್ನ ಅತ್ತೆಮನೆಯ ಅಂಗಳದಲ್ಲಿ ನಿಂತಿದ್ದೆ. ಏಕೆ ಹೋದೆ ಎಂದು ಹೇಳಬೇಕಾದರೆ ನಿನಗೆ ಚೆನ್ನಾಗಿ ಗೊತ್ತಿರುವುದನ್ನೇ ಮೊದಲಿಂದ ಬರೆಯಬೇಕು. ಬೇಸರ ಮಾಡಿಕೊಳ್ಳಬೇಡ. ಒಂದು ಸಲವಾದರೂ ಅದು ನನ್ನ ಕೈಬರಹದಲ್ಲಿ ಇರಬೇಕು.

ನಿನ್ನ ಮದುವೆಯಾದ ವರ್ಷ, ಐವತ್ತೇಳರಲ್ಲಿ, ನಾನು ಮೈಸೂರಿನ ಕಾನ್ವೆಂಟಿನಿಂದ ರಜೆಗೆ ಬಂದಾಗ ಅಲ್ಲಿನ ಮಾಲಿ ಕೊಟ್ಟ ಒಂದು ಗೆಡ್ಡೆ ತಂದಿದ್ದೆ. ದೊಡ್ಡ ಈರುಳ್ಳಿಯಷ್ಟಿತ್ತು. ಯಾವ ಗಿಡ ಎಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನೀನು ಗಂಡನ ಮನೆಗೆ ಹೊರಟಾಗ ನಾನೇ ಅದನ್ನು ಕಾಗದದಲ್ಲಿ ಸುತ್ತಿ ನಿನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ ಇಟ್ಟೆ. ನೀನು ನೆರಳು ನೋಡಿ, ಕೊಬ್ಬರಿಗೆಂದು ಕಾಯಿ ಕೂಡಿಡುವ ಅಟ್ಟದ ಮನೆಯ ಗೋಡೆಬುಡದಲ್ಲಿ ನೆಟ್ಟೆ. ಆ ವರ್ಷ ನಾಲ್ಕು ಎಲೆ ಬಿಟ್ಟು ಚಳಿಗಾಲಕ್ಕೆ ಒಣಗಿತು, ಎಲ್ಲರೂ ಮರೆತರು. ಮರುವರ್ಷ ಮೇ ತಿಂಗಳಲ್ಲಿ ಮಳೆ ಬಿದ್ದ ನಾಲ್ಕನೇ ದಿನ, ಬೋಳು ನೆಲದಿಂದ, ಒಂದು ಎಲೆಯೂ ಇಲ್ಲದೆ, ಚುಕ್ಕೆ ಚುಕ್ಕೆಯ ದಂಟು ಎದ್ದು, ಅದರ ತುದಿಯಲ್ಲಿ ಮಗುವಿನ ತಲೆಯಷ್ಟು ದೊಡ್ಡ ಕೆಂಪು ಚೆಂಡು ಬಿಚ್ಚಿಕೊಂಡಿತು. ಅದೇ ವಾರ ಅಟ್ಟದ ಕಾಯಿ ಇಳಿಸಿದರು. ವರ್ಷವಿಡೀ ಕಾದ ಕಾಯಿ; ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಗಡಗಡ ಎನ್ನಬೇಕು. ಅರ್ಧಕ್ಕರ್ಧ ಸದ್ದೇ ಇಲ್ಲ. ಒಡೆದರೆ ಕೊಳೆತ ವಾಸನೆ. ನಿನ್ನ ಅತ್ತೆ ಗುರುಶಾಂತಮ್ಮ ಆ ಹೂವನ್ನೂ ನೋಡಿದಳು, ನಿನ್ನನ್ನೂ ನೋಡಿದಳು. ಅವಳನ್ನು 'ಅವರು' ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ, ಕ್ಷಮಿಸು. "ಇದು ಹೂವಲ್ಲ, ಹೂತಿಟ್ಟಿದ್ದು ಎದ್ದು ಬಂದೈತೆ" ಅಂದಳಂತೆ.

ಮೂರನೇ ದಿನ ತುರುವೇಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ನೀನಿದ್ದೆ, ನಿನ್ನ ಟ್ರಂಕಿತ್ತು, ಕರಿ ಬಟ್ಟೆಯಲ್ಲಿ ಕಟ್ಟಿದ ಆ ಗೆಡ್ಡೆಯಿತ್ತು. ಇದನ್ನು ಕೊಟ್ಟವರು ಯಾರು ಎಂದು ಗುರುಶಾಂತಮ್ಮ ಮೂರು ಸಲ ಕೇಳಿದಳು. ನಿನ್ನ ಗಂಡ ಮರುಳಪ್ಪ ಗಾಡಿಯಿಂದ ಇಳಿಯಲೇ ಇಲ್ಲ. ಅಪ್ಪಯ್ಯ ಕೈಮುಗಿದು ನಿಂತಿದ್ದರು. ನಾನು ಬಾಗಿಲ ಹಿಂದಿದ್ದೆ. ಆ ತಿಂಗಳೇ ತಿಪಟೂರಿನಿಂದ ನನ್ನನ್ನು ನೋಡಲು ಬರುವವರಿದ್ದರು. ನೀನು ಒಂದು ಸಲ ಬಾಗಿಲ ಕಡೆ ನೋಡಿದೆ, ಆಮೇಲೆ "ಯಾರೂ ಕೊಟ್ಟಿಲ್ಲ, ತಾನಾಗೇ ಬಂತು" ಅಂದೆ. ಅದೇ ಮಾತು ನಿನ್ನ ಕುತ್ತಿಗೆಗೆ ಬಂತು. ತಾನಾಗೇ ಬಂದದ್ದು ಮಾಟವಲ್ಲದೆ ಇನ್ನೇನು? ಮರುವರ್ಷ ನನ್ನ ಮದುವೆಯಾಯಿತು. ಆ ಮದುವೆಯಲ್ಲಿ ನೀನು ಅಡುಗೆಮನೆಯಿಂದ ಆಚೆ ಬರಲಿಲ್ಲ. ಆಮೇಲೆ ದಾವಣಗೆರೆಗೆ ಹೋದವಳು ಅಪ್ಪಯ್ಯ ತೀರಿಕೊಂಡಾಗ ಬಿಟ್ಟರೆ ಈ ಕಡೆ ತಿರುಗಿಯೂ ನೋಡಲಿಲ್ಲ.

ನಿನ್ನ ಅತ್ತೆಮನೆಯಲ್ಲಿ ಕಾಯಿ ಸುಲಿಯುತ್ತಿದ್ದ ಹುಚ್ಚಣ್ಣ ನಮ್ಮ ಅಪ್ಪಯ್ಯನಿಗೆ ನಿಜ ಹೇಳಿದ್ದು ಎರಡು ವರ್ಷವಾದ ಮೇಲೆ. ಆ ಸಲ ಅಟ್ಟ ಬೇಗ ತುಂಬಿಸಬೇಕೆಂದು ಗುರುಶಾಂತಮ್ಮನೇ ನಿಂತು ಎಳೆಗಾಯಿಯನ್ನೂ ಕೆಡವಿಸಿ, ಬಲಿತ ಕಾಯಿಯ ಜೊತೆ ಏರಿಸಿದ್ದಳಂತೆ. ಎಳೆಗಾಯಿ ಅಟ್ಟದಲ್ಲಿ ಕೊಳೆಯುತ್ತದೆ, ಪಕ್ಕದ್ದನ್ನೂ ಕೊಳೆಸುತ್ತದೆ ಎಂದು ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರು ಯಾರು? ಅವಳಿಗೂ ಗೊತ್ತಿತ್ತು. ಹೂವು ಬಾರದೆ ಇದ್ದಿದ್ದರೆ ಅವಳು ತಪ್ಪು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅಪ್ಪಯ್ಯ "ಈಗ ಕೇಳಿ ಏನು ಬಂತು, ಬುಡು" ಅಂದರು. ನಾನು ಬಿಡಲಿಲ್ಲ. ಅಮ್ಮ ತಿಪ್ಪೆಗೆ ಎಸೆದಿದ್ದ ಗೆಡ್ಡೆಯನ್ನು, ಅವರು ನಿನ್ನನ್ನು ಬಿಟ್ಟುಹೋದ ದಿನವೇ ತೆಗೆದಿಟ್ಟಿದ್ದೆ. ಮದುವೆಯಾಗಿ ಬರುವಾಗ ತಿಪಟೂರಿಗೆ ತಂದಿದ್ದೆ.

ಅದರ ಹೆಸರು ಹುಡುಕಲು ನನಗೆ ಎಷ್ಟು ವರ್ಷ ಬೇಕಾಯಿತು ಗೊತ್ತೇ? ಕಾನ್ವೆಂಟಿಗೆ ಬರೆದೆ, ಆ ಮಾಲಿ ತೀರಿಕೊಂಡಿದ್ದ, ಬೇರೆ ಯಾರಿಗೂ ತಿಳಿಯದು. ಗಿಡಗಳ ಇಂಗ್ಲಿಷ್ ಪುಸ್ತಕ ತರಿಸಿದೆ. ಯಾವ ಪುಸ್ತಕ ತೆರೆದರೂ ಎಲೆ ಹೇಗಿದೆ, ಹೂವು ಹೇಗಿದೆ ಎಂದು ಒಟ್ಟಿಗೆ ಕೇಳುತ್ತದೆ. ಇದಕ್ಕೋ ಹೂವಿದ್ದಾಗ ಎಲೆಯಿಲ್ಲ. ಎಲೆ ಬರುವ ಹೊತ್ತಿಗೆ ಹೂವು ಬಾಡಿ ಬಿದ್ದಿರುತ್ತದೆ. ಬೇರೆ ಬೇರೆ ಗಿಡದ ಹೆಸರು ಹಚ್ಚಿ ಮೂರು ಸಲ ಮೋಸಹೋದೆ. ಕೊನೆಗೆ ಒಂದು ವರ್ಷ ಪೂರ್ತಿ ಅದನ್ನು ನೋಡುತ್ತ ಒಂದೇ ಹಾಳೆಯಲ್ಲಿ ಚಿತ್ರ ಬರೆದೆ. ಮೇ ತಿಂಗಳ ಹೂವು, ಆಷಾಢದ ಎಲೆ, ಕಾರ್ತಿಕದಲ್ಲಿ ಹಳದಿಯಾಗುವುದು, ಬೇಸಿಗೆಯ ಬೋಳು ನೆಲ. ಮಗಳ ಕಾಲೇಜಿನ ಬಾಟನಿ ಮೇಷ್ಟ್ರು ಆ ಹಾಳೆ ನೋಡಿದವರೇ ಹೆಸರು ಹೇಳಿದರು. ಹೀಮಾಂಥಸ್. ಆಫ್ರಿಕಾದ್ದಂತೆ. ಎಲೆಗಿಂತ ಮೊದಲು ಹೂವು ಬರುವುದು ಅದರ ಸ್ವಭಾವವಂತೆ, ತೋಟಗಾರಿಕೆಯವರು ಮೇ ಫ್ಲವರ್ ಎನ್ನುತ್ತಾರಂತೆ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ರಕ್ತದ ಹೂವು ಎಂದು ಅರ್ಥ ಅಂದರು. ಆ ಹಾಳೆ ಹಿಡಿದುಕೊಂಡು ಹಿತ್ತಲಲ್ಲಿ ಕೂತೆ ಅಕ್ಕಾ. ಹೆಸರಿರುವ ಒಂದು ಹೂವಿಗಾಗಿ ನಿನ್ನ ಹೆಸರು ಹೋಯಿತು.

ಬೆಳೆಸುವುದು ಕಷ್ಟವಲ್ಲ. ತೆಂಗಿನ ನೆರಳು ಅದಕ್ಕೆ ಬಹಳ ಹಿಡಿಸುತ್ತದೆ. ಮರಳು, ಹಳೆಗೊಬ್ಬರ, ಒಂದು ಹಿಡಿ ನಾರಿನ ಪುಡಿ ಹಾಕಿ, ಗೆಡ್ಡೆಯ ಕತ್ತು ಮಣ್ಣಿನ ಸಮಕ್ಕೆ ಬರುವಂತೆ ನೆಡಬೇಕು. ಎಲೆ ಒಣಗಿದ ಮೇಲೆ ಮಳೆ ಬರುವವರೆಗೆ ತೊಟ್ಟು ನೀರೂ ಹಾಕಬಾರದು. ಕಿತ್ತು ಬೇರೆ ಕಡೆ ನೆಟ್ಟರೆ ಮುನಿಸಿಕೊಂಡು ಒಂದು ವರ್ಷ ಹೂ ಬಿಡುವುದಿಲ್ಲ. ಆ ಒಂದು ಗೆಡ್ಡೆ ಮರಿ ಹಾಕಿ ಹಾಕಿ ನನ್ನ ಹಿತ್ತಲಲ್ಲಿ ನಲವತ್ತಕ್ಕೂ ಹೆಚ್ಚಾಗಿತ್ತು. ಎಂಬತ್ತೆರಡರಲ್ಲಿ ಮಗಳ ಜೊತೆ ಓದುತ್ತಿದ್ದ ಹುಡುಗಿಯೊಬ್ಬಳು ಮನೆಗೆ ಬಂದು, ಹೂವು ನೋಡಿ ಬೆರಗಾಗಿ, ನನಗೂ ಒಂದು ಗೆಡ್ಡೆ ಕೊಡಿ ಆಂಟಿ ಅಂದಳು. ಯಾವ ಊರಮ್ಮ ಎಂದು ಕೇಳಿದೆ. ಹಾಲ್ಕುರಿಕೆ. ಯಾರ ಮಗಳು? ಮರುಳಪ್ಪನ ಮಗಳು, ಎರಡನೇ ಹೆಂಡತಿಯ ಮಗಳು, ಮುಕ್ತಾಂಬ. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ; ತನ್ನ ಅಪ್ಪನಿಗೆ ಇನ್ನೊಬ್ಬ ಹೆಂಡತಿ ಇದ್ದಳು ಎಂಬುದೇ ಗೊತ್ತಿರಲಿಲ್ಲ. ನಾನು ಒಂದಲ್ಲ, ಏಳು ಗೆಡ್ಡೆ ಅಗೆದು ಕೊಟ್ಟೆ. ಅಟ್ಟದ ಮನೆಯ ಗೋಡೆಬುಡದಲ್ಲಿ ಚೆನ್ನಾಗಿ ಬರುತ್ತದೆ, ಅಲ್ಲೇ ನೆಡು ಅಂದೆ. ಹುಡುಗಿ ಮಾಡಿದ ತಪ್ಪೇನು ಎಂದು ಆಗಲೇ ಯೋಚಿಸಿದ್ದೆ. ಯೋಚಿಸಿಯೂ ಕೊಟ್ಟೆ. ಇದನ್ನು ನೀನು ಓದುತ್ತಿರುವಾಗ ನಿನ್ನ ಮುಖ ಹೇಗಿರುತ್ತದೆ ಎಂದು ಊಹಿಸಲಾರೆ.

ಹೋದ ವರ್ಷ ಬರೀ ಎಲೆ. ಈ ವರ್ಷ ಮಳೆ ಬಿದ್ದ ನಾಲ್ಕನೇ ದಿನ ಏಳೂ ಎದ್ದವು, ಅದೇ ಗೋಡೆಬುಡದಲ್ಲಿ. ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ ಮುಕ್ತಾಂಬ ಅಜ್ಜಿಯ ಕೈಹಿಡಿದುಕೊಂಡು ಬಸ್ಸಿಳಿದು ನನ್ನ ಮನೆಗೆ ಬಂದಳು. ಗುರುಶಾಂತಮ್ಮ ಬಗ್ಗಿಹೋಗಿದ್ದಾಳೆ, ಕಣ್ಣು ಮಂಜು. ಆದರೆ ಮೊಮ್ಮಗಳನ್ನು ಹಿತ್ತಲಿಗೆ ಕಳಿಸಿದವಳೇ "ನೀನು ಸಿದ್ದಗಂಗಿ ತಂಗಿ ಅಲ್ವಾ" ಅಂದಳು. ಅಲ್ಲ ಎನ್ನಲಿಲ್ಲ. ಊರವರು ಬಂದು ಬಂದು ನೋಡಿ ಪಿಸುಗುಡುತ್ತಿದ್ದಾರಂತೆ. ಹಳಬರಿಗೆ ಹಳೆಯದೆಲ್ಲ ನೆನಪಾಗಿದೆ. ಸೋಮವಾರ ಕೆಂಕೆರೆಯಿಂದ ಮುಕ್ತಾಂಬಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹೂವು ಕಿತ್ತು ಹಾಕಲು ಮುದುಕಿಗೆ ಧೈರ್ಯವಿಲ್ಲ. "ಅವತ್ತು ಕಿತ್ತೆ. ಆಮೇಲೆ ನನ್ನ ಮನೇಲಿ ಎರಡು ಗಂಡು ಕೂಸು ಉಳೀಲಿಲ್ಲ" ಅಂದಳು. ಇಂಗ್ಲಿಷ್ ಓದಿದ ನಾನು ಬಂದು, ಇದು ಬರೀ ಹೂವು, ಇದಕ್ಕೆ ಹೆಸರಿದೆ ಎಂದು ಗಂಡಿನ ಕಡೆಯವರ ಎದುರು ಒಂದು ಮಾತು ಹೇಳಬೇಕಂತೆ. ನಾನು ಕಾಫಿ ಕೊಟ್ಟೆ. ಆಮೇಲೆ, ಬರುತ್ತೇನೆ, ಆದರೆ ನಾನು ಬಾಯಿ ಬಿಡುವ ಮೊದಲು ನೀವು ಬಿಡಬೇಕು ಅಂದೆ. ನನ್ನ ಅಕ್ಕನಿಗೆ ಏನು ಮಾಡಿದಿರಿ, ಅಟ್ಟಕ್ಕೆ ಎಳೆಗಾಯಿ ಏರಿಸಿದವರು ಯಾರು, ಎಲ್ಲವನ್ನೂ, ಅದೇ ಅಂಗಳದಲ್ಲಿ, ಅವರೆಲ್ಲರ ಎದುರು. ಅವಳು ಲೋಟ ಕೆಳಗಿಟ್ಟು "ಆಗ್ಲಿ ಕಣಮ್ಮ" ಅಂದಳು. ನನಗೆ ಸಂತೋಷವಾಯಿತು. ಸುಳ್ಳು ಬರೆಯಲಾರೆ.

ಸೋಮವಾರ ಅವಳು ಮಾತಿಗೆ ತಪ್ಪಲಿಲ್ಲ. ಅಂಗಳದಲ್ಲಿ ಚಾಪೆಯ ಮೇಲೆ ಗಂಡಿನ ಕಡೆಯವರು, ಊರಿನ ನಾಲ್ಕಾರು ಹಿರಿಯರು, ಬಾಗಿಲಲ್ಲಿ ಹೆಂಗಸರು. ಗೋಡೆಬುಡದಲ್ಲಿ ಏಳು ಚೆಂಡು, ಸ್ವಲ್ಪ ಬಣ್ಣ ಮಾಸಿದ್ದವು, ಅಷ್ಟೇ. ಅವಳು ಕಂಬ ಹಿಡಿದು ನಿಂತು, "ನನ್ನ ಹಿರೀ ಸೊಸೆ ಸಿದ್ದಗಂಗಿ ಏನೂ ಮಾಡಿರಲಿಲ್ಲ ಕಣ್ರಪ್ಪ. ಎಳೆಗಾಯಿ ಏರಿಸ್ದೋಳು ನಾನು. ಕೊಬ್ಬರಿ ಕೆಟ್ಟಿದ್ದು ಅದಕ್ಕೆ. ಈ ಹೂವಿನ ನೆಪ ಮಾಡಿ ಅವಳನ್ನ ಕಳಿಸ್ದೆ" ಅಂದಳು. ಅಕ್ಕಾ, ಆ ಮಾತಿಗಾಗಿ ನಾನು ಇಪ್ಪತ್ತಾರು ವರ್ಷ ಗೆಡ್ಡೆಗೆ ಮಣ್ಣು ಹಾಕಿದ್ದೆ. ಮರುಳಪ್ಪ ಚಾಪೆಯ ಅಂಚು ಕೀಳುತ್ತ ಕೂತಿದ್ದ. ಗಂಡಿನ ಕಡೆಯವರು ಎದ್ದು ಹೋಗಲಿ ಎಂದು ನಾನು ಬಯಸಿದೆ. ಮುಕ್ತಾಂಬ ಒಳಗೆ ಸೀರೆಯುಟ್ಟು ಕಾಯುತ್ತಿದ್ದಳು, ಆದರೂ ಬಯಸಿದೆ. ಆಗ ಹುಡುಗನ ಸೋದರಮಾವ ನಕ್ಕುಬಿಟ್ಟ. "ಬುಡಿ ಅಜ್ಜಿ, ಕೊಬ್ಬರಿ ಕೆಡದೇ ಇರೋ ಮನೆ ಯಾವುದೈತೆ? ಹೂವಿಗೆ ಹೆದರೋ ಕಾಲ ಹೋಯ್ತು. ನಮ್ಮನೆಗೂ ಒಂದು ಗೆಡ್ಡೆ ಕೊಡಿ" ಅಂದ. ಎಲ್ಲರೂ ನಕ್ಕರು. ಊರಿನ ಹಿರಿಯರೂ ನಕ್ಕರು. ಮರುಳಪ್ಪನೂ ನಕ್ಕ. ನನ್ನನ್ನು ಹೂವಿನ ಹೆಸರು ಕೂಡ ಯಾರೂ ಕೇಳಲಿಲ್ಲ. ನಿನ್ನ ಇಡೀ ಆಯುಸ್ಸು ಒಂದು ನಗುವಿನಲ್ಲಿ ಮುಗಿದುಹೋಯಿತು, ಉಪ್ಪಿಟ್ಟಿನ ತಟ್ಟೆ ಬಂತು, ಮದುವೆ ಗೊತ್ತಾಯಿತು. ನಗದವರು ಇಬ್ಬರೇ, ನಾನು ಮತ್ತು ಆ ಮುದುಕಿ.

ಮನೆಗೆ ಬಂದು ಒಂದು ವಾರವಾಯಿತು. ಅವಳು ಬಾಯಿಬಿಟ್ಟು ಹೇಳಿದಳು, ನಿನ್ನ ಹೆಸರಿಗೆ ಹತ್ತಿದ ಮಸಿ ತೊಳೆದುಹೋಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೊಟ್ಟೆಯ ಉರಿ ಮಾತ್ರ ಆರಿಲ್ಲ. ಅವರು ಹೆದರಬೇಕಿತ್ತು. ನೀನು ಹೆದರಿದಷ್ಟು ದಿನ ಬೇಡ, ಒಂದು ದಿನವಾದರೂ. ಅಥವಾ ಈ ಉರಿ ಅವರ ಮೇಲಿನದು ಅಲ್ಲವೇ ಅಲ್ಲವೇನೋ, ಯೋಚಿಸುತ್ತಿದ್ದೇನೆ.

ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೋ. ಇವರು, ಮಗಳು ಇಬ್ಬರೂ ನಮಸ್ಕಾರ ತಿಳಿಸಲು ಹೇಳಿದ್ದಾರೆ. ನನಗೆ ನಿನ್ನ ಆಶೀರ್ವಾದ ಕೇಳಲು ಈ ಸಲ ಮುಖವಿಲ್ಲ. ನೀನಾಗಿ ಕಳಿಸಿದರೆ ತಲೆಬಾಗಿ ತೆಗೆದುಕೊಳ್ಳುತ್ತೇನೆ.

ನಿನ್ನ ತಂಗಿ,
ಗಿರಿಜಾಂಬಿಕಾ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲಾಗಿರಲಿಲ್ಲ. ಸೋಮವಾರ ಹೊರಡುವಾಗ ಗುರುಶಾಂತಮ್ಮ ನನ್ನ ಕೈ ಹಿಡಿದು ಮೆಲ್ಲಗೆ, "ಅವತ್ತಿನ ಗೆಡ್ಡೆ ಕೊಟ್ಟಿದ್ದು ನೀನೇನಾ?" ಎಂದು ಕೇಳಿದಳು. "ನನಗೇನು ಗೊತ್ತು ಅಜ್ಜಿ" ಅಂದೆ. ಅವಳು ಎಲ್ಲರ ಮುಂದೆ ಹೇಳಿದ ಅದೇ ಅಂಗಳದಲ್ಲಿ ನಾನು ಮತ್ತೆ ಬಾಗಿಲ ಹಿಂದೆ ಸೇರಿಕೊಂಡೆ. ಆದ್ದರಿಂದ ಇವತ್ತು ಅವಳಿಗೂ ಬರೆದಿದ್ದೇನೆ. ಐವತ್ತೇಳರಲ್ಲಿ ಕೊಟ್ಟವಳು ನಾನು, ನನ್ನ ಮದುವೆ ಕೆಡದಿರಲೆಂದು ಅಕ್ಕ ಸುಳ್ಳು ಹೇಳಿದಳು, ಈ ಏಳು ಗೆಡ್ಡೆಯನ್ನೂ ಬೇಕೆಂದೇ ಕೊಟ್ಟೆ, ಎಂದು. ಲಕೋಟೆಯಲ್ಲಿ ಇಟ್ಟಿಲ್ಲ, ಬರೀ ಕಾರ್ಡು. ಅವಳಿಗೆ ಓದಲು ಬರುವುದಿಲ್ಲ. ಆ ಊರಿನಲ್ಲಿ ಪೋಸ್ಟಿನವನೇ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳುವುದು. ಇವರಿಗೆ ನಾನು ಏನೂ ಹೇಳಿಲ್ಲ, ಹಾಲ್ಕುರಿಕೆಯವರು ಅಂಗಡಿಗೆ ಬಂದು ಹೇಳುತ್ತಾರೆ. ನಿನಗೆ ಇದು ತಲುಪುವ ಹೊತ್ತಿಗೆ ಅಲ್ಲಿ ಓದಿಯಾಗಿರುತ್ತದೆ. ಕಾರ್ಡನ್ನು ಮೊದಲು ಡಬ್ಬಕ್ಕೆ ಹಾಕಿ ಬಂದು, ಆಮೇಲೆಯೇ ಈ ಕಾಗದ ಅಂಟಿಸುತ್ತಿದ್ದೇನೆ.